ಪಿ.ಟಿ. ಮೇಷ್ಟ್ರು ನೋಡದ ಫೈನಲ್

ಕಳೆದ ಶ್ರಾವಣದಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ತೀರಿಕೊಂಡರು. ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣ ಮುಂದೆ ಬಂದಿದ್ದು 1986ರ ಜೂನ್ 30ರ ಬೆಳಿಗ್ಗೆ. ಸೋಮವಾರ. ಹಾಸನದ ಜಿಟಿಜಿಟಿ ಮಳೆ. ಒದ್ದೆ ಮೈದಾನದಲ್ಲಿ ತಲೆ ತಗ್ಗಿಸಿ ನಿಂತ ನಾಲ್ಕು ಹುಡುಗರು. ಎದುರಿಗೆ ಮೇಷ್ಟ್ರು, ಕತ್ತಿನಲ್ಲಿ ವಿಷಲ್.

ನಾನಾಗ ಹತ್ತನೇ ಕ್ಲಾಸು, ಹಾಸ್ಟೆಲ್ ಹುಡುಗ. ಆ ವರ್ಷ ಏನೇನು ಪಾಠ ಓದಿದೆವು ಎಂದರೆ ಒಂದೂ ನೆನಪಿಲ್ಲ. ಆದರೆ ಆ ವರ್ಷ ಮೆಕ್ಸಿಕೋದಲ್ಲಿ ಫುಟ್‌ಬಾಲ್ ವಿಶ್ವಕಪ್ ಫೈನಲ್ ಆಡಿದ ಅರ್ಜೆಂಟೀನಾ ತಂಡವನ್ನು ಈಗ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಪುಂಪಿಡೊ, ಕುಚುಫೊ, ಬ್ರೌನ್, ರುಗೇರಿ, ಗಿಯುಸ್ಟಿ, ಬತಿಸ್ತಾ, ಎನ್ರಿಕೆ, ಬುರುಚಾಗ, ಒಲಾರ್ತಿಕೊಚಿಯಾ, ಮರಡೋನಾ, ವಾಲ್ಡಾನೊ.

ಮೇಷ್ಟ್ರು ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಆಡಿ ಬೆಳೆದವರು. ಅಲ್ಲಿ ಫುಟ್‌ಬಾಲ್ ಅಂದರೆ ಊಟ ಬಿಟ್ಟು ಆಡುತ್ತಿದ್ದರಂತೆ. ನಮ್ಮ ಶಾಲೆಯಲ್ಲಿ ಇದ್ದಿದ್ದು ಒಂದೇ ಚರ್ಮದ ಚೆಂಡು. ಬ್ಲಾಡರ್‌ಗೆ ಮೂರು ಕಡೆ ಪಂಕ್ಚರ್. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು, ಲೇಸು ಬಿಗಿದು, ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಬರುತ್ತಿದ್ದರು. ಮಳೆಗೆ ನೆನೆದರೆ ಕಲ್ಲಿನಷ್ಟು ಭಾರ. ಅವರು ಕಲಿಸಿದ್ದು ಒಂದೇ ಮಾತು. "ಕೊಡು, ಆಮೇಲೆ ಓಡು." ಚೆಂಡನ್ನು ಒಬ್ಬನೇ ಇಟ್ಟುಕೊಂಡು ಕುಣಿದರೆ ತಕ್ಷಣ ವಿಷಲ್ ಊದಿ ಹೊರಗೆ ಕೂರಿಸುತ್ತಿದ್ದರು.

ಎಲ್ಲರೂ ಹೇಳುವುದು ಆ ವಿಶ್ವಕಪ್ಪಿನ ಇಂಗ್ಲೆಂಡ್ ಪಂದ್ಯವನ್ನು. ಮರಡೋನಾ ಕೈಯಲ್ಲಿ ಹೊಡೆದ ಒಂದು ಗೋಲು, ಅರ್ಧ ತಂಡವನ್ನು ದಾಟಿಕೊಂಡು ಹೋಗಿ ಇನ್ನೊಂದು. ಅದು ದೊಡ್ಡ ಆಟವೇ, ಇಲ್ಲ ಅನ್ನಲ್ಲ. ನಾವು ಅದನ್ನು ಪೇಪರಿನಲ್ಲಿ ಓದಿದೆವು ಅಷ್ಟೆ. ಓದಿದ ಮೇಲೆ ಪಶ್ಚಿಮ ಜರ್ಮನಿ ಎದುರಿನ ಫೈನಲ್ ನೋಡದೆ ಇರುವುದು ಸಾಧ್ಯವೇ ಇರಲಿಲ್ಲ.

ಮೆಕ್ಸಿಕೋದಲ್ಲಿ ಮಧ್ಯಾಹ್ನ ಹನ್ನೆರಡು ಅಂದರೆ ನಮಗೆ ರಾತ್ರಿ ಹನ್ನೊಂದೂವರೆ. ವಾರ್ಡನ್ ಹತ್ತಕ್ಕೇ ದೀಪ ಆರಿಸುತ್ತಿದ್ದರು. ಆಲೂರಿನವನು, ಸಕಲೇಶಪುರದವನು, ಅರಕಲಗೂಡಿನವನು ಮತ್ತು ನಾನು ಅಡುಗೆಮನೆಯ ಹಿಂಬಾಗಿಲಿನಿಂದ ಹೊರಟೆವು. ಸೀಬೆ ಮರ ಹತ್ತಿ ಕಾಂಪೌಂಡು ಹಾರಿದೆವು. ಎರಡು ಬೀದಿ ಆಚೆ ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಮನೆಯಲ್ಲಿ ಬ್ಲ್ಯಾಕ್ ಅಂಡ್ ವೈಟ್ ಟಿ.ವಿ. ಇತ್ತು. ಹಜಾರದ ತುಂಬ ಜನ. ಆ ಮನೆಯ ಅಮ್ಮ, "ಯಾರ ಮಕ್ಕಳೋ ಏನೋ, ನೆನೆದುಬಿಟ್ಟಿದ್ದೀರಲ್ಲೋ" ಎಂದು ಒಂದು ಟವೆಲ್ ಕೊಟ್ಟರು. ನಾಲ್ವರೂ ಅದರಲ್ಲೇ ತಲೆ ಒರೆಸಿಕೊಂಡೆವು. ಚಿತ್ರ ಚುಕ್ಕೆಚುಕ್ಕೆ ಆದಾಗಲೆಲ್ಲ ನಮ್ಮಲ್ಲಿ ಒಬ್ಬ ತಾರಸಿ ಹತ್ತಿ ಆಂಟೆನಾ ತಿರುಗಿಸಬೇಕು. ಒಳಗೆ ಬಿಟ್ಟಿದ್ದಕ್ಕೆ ಅದೇ ಕರಾರು.

ಮೊದಲ ಗೋಲು ಬ್ರೌನ್‌ದು. ಬುರುಚಾಗನ ಫ್ರೀ ಕಿಕ್‌ಗೆ ತಲೆ ಕೊಟ್ಟ. ದೇಶಕ್ಕಾಗಿ ಅವನು ಹೊಡೆದ ಒಂದೇ ಗೋಲು ಅದು. ಆಮೇಲೆ ಭುಜಕ್ಕೆ ಏಟಾಯಿತು. ಹೊರಗೆ ಹೋಗಲಿಲ್ಲ. ಜೆರ್ಸಿಯನ್ನು ಹಲ್ಲಿನಲ್ಲಿ ಕಚ್ಚಿ ತೂತು ಮಾಡಿ, ಅದಕ್ಕೆ ಬೆರಳು ಸಿಕ್ಕಿಸಿ ಕೈಯನ್ನು ಜೋತು ಹಾಕಿಕೊಂಡು ಆಡಿದ. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಗೊತ್ತಾದಾಗ ಕಣ್ಣು ತುಂಬಿತು.

ಎರಡನೆಯದು ವಾಲ್ಡಾನೊ. ಮುಗಿಯಿತು ಅಂದುಕೊಂಡೆವು. ಜರ್ಮನಿಯವರು ಬಿಡುತ್ತಾರಾ? ಎರಡು ಕಾರ್ನರ್, ಎರಡು ಗೋಲು. ರುಮ್ಮೆನಿಗೆ, ಫೋಲರ್. ಎರಡು ಎರಡು. ನನ್ನ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಮರಡೋನಾನನ್ನು ಮಥೇಯಸ್ ನೆರಳಿನ ಹಾಗೆ ಹಿಂಬಾಲಿಸಿದ್ದ. ಆಟ ಮುಗಿಯಲು ಆರೇಳು ನಿಮಿಷ ಇರಬೇಕು. ನಡು ಮೈದಾನದಲ್ಲಿ ಚೆಂಡು ಪುಟಿಯಿತು. ಸುತ್ತ ಜರ್ಮನ್ನರು. ಮರಡೋನಾ ಅದನ್ನು ನಿಲ್ಲಿಸಲೂ ಇಲ್ಲ. ಎಡಗಾಲಲ್ಲಿ ಒಂದೇ ತಟ್ಟು. ಬುರುಚಾಗ ಒಬ್ಬನೇ ಓಡುತ್ತಿದ್ದಾನೆ, ಹಿಂದೆ ಬ್ರೀಗಲ್, ಎದುರಿಗೆ ಗೋಲ್‌ಕೀಪರ್ ಶೂಮಾಕರ್. ಗೋಲು! ತಾರಸಿಯ ಮೇಲಿದ್ದ ಅರಕಲಗೂಡಿನವನು ಕೂಗು ಕೇಳಿ ಇಳಿದು ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಪಾಪ, ಅತ್ತೇಬಿಟ್ಟ.

ಹಾಸ್ಟೆಲ್ ವರಾಂಡದ ತುಂಬ ನಮ್ಮ ಕೆಸರು ಹೆಜ್ಜೆ. ಬೆಳಿಗ್ಗೆ ಆರಕ್ಕೇ ಸಿಕ್ಕಿಬಿದ್ದೆವು. ಶಿಕ್ಷೆ ಕೊಡಲು ನಮ್ಮನ್ನು ಪಿ.ಟಿ. ಮೇಷ್ಟ್ರಿಗೆ ಒಪ್ಪಿಸಿದರು. ಹತ್ತು ಸುತ್ತು ಓಡಿಸಿದರು. ಒಂದೂ ಕಡಿಮೆ ಇಲ್ಲ. ಓಡಿ ಏದುಸಿರು ಬಿಡುತ್ತಾ ನಿಂತಾಗ ಹತ್ತಿರ ಬಂದು, ದನಿ ತಗ್ಗಿಸಿ, "ಎಷ್ಟಾಯ್ತೋ?" ಎಂದರು.

"ಹತ್ತಾಯ್ತು ಸಾರ್."

"ಸುತ್ತಲ್ಲ ಕಣೋ. ಸ್ಕೋರು!"

ಅವರ ಮನೆಯಲ್ಲಿ ಟಿ.ವಿ. ಇರಲಿಲ್ಲ. ಬೆಳಗಿನ ಪೇಪರಿನಲ್ಲಿ ಫಲಿತಾಂಶವೂ ಬಂದಿರಲಿಲ್ಲ. ಆಟ ಮುಗಿದಾಗಲೇ ನಮ್ಮಲ್ಲಿ ಒಂದು ಗಂಟೆ ದಾಟಿತ್ತಲ್ಲ. ಇಡೀ ಶಾಲೆಯಲ್ಲಿ ಗೊತ್ತಿದ್ದವರು ನಾವು ನಾಲ್ಕೇ ಜನ. ಹೇಳಿದೆವು. ಬಾಯಲ್ಲಿ ಹೇಳಿದ್ದು ಅವರಿಗೆ ಸಾಲಲಿಲ್ಲ. ಚೆಂಡು ತಂದರು. "ಆಡಿ ತೋರಿಸಿ" ಎಂದರು. ನನ್ನದು ಎಡಗಾಲು, ಹಾಗಾಗಿ ನಾನು ಮರಡೋನಾ. ಸಕಲೇಶಪುರದವನು ಬುರುಚಾಗ. ಆಲೂರಿನವನು ಬ್ರೀಗಲ್. ಅರಕಲಗೂಡಿನವನು ಶೂಮಾಕರ್, ಅವನೂ ಆ ಗೋಲನ್ನು ಮೊದಲು ನೋಡಿದ್ದು ಅಲ್ಲೇ. ನೆನೆದ ಚೆಂಡು, ಬರಿಗಾಲು. "ಇನ್ನೊಂದ್ಸಲ" ಎಂದರು. ಮತ್ತೆ ಇನ್ನೊಂದ್ಸಲ. ಪ್ರಾರ್ಥನೆಯ ಗಂಟೆ ಹೊಡೆಯುವವರೆಗೂ ಆಡಿಸಿದರು.

ಕೊನೆಗೆ ನನ್ನ ಭುಜ ಹಿಡಿದು ಹೇಳಿದರು. "ಜಗತ್ತೆಲ್ಲ ಅವನು ಹೊಡೀತಾನೆ ಅಂತ ಕಾಯ್ತಿತ್ತು. ಅವನು ಕೊಟ್ಟುಬಿಟ್ಟ, ನೋಡ್ದೇನೋ?" ಹೌದು, ಆ ಫೈನಲ್‌ನಲ್ಲಿ ಮರಡೋನಾ ಒಂದು ಗೋಲನ್ನೂ ಹೊಡೆಯಲಿಲ್ಲ. ಅದಕ್ಕೇ ನನಗೆ ಅದು ಎಲ್ಲಕ್ಕಿಂತ ದೊಡ್ಡ ಆಟ.

ಅವತ್ತು ವಿಜ್ಞಾನದ ಮೇಷ್ಟ್ರು ನಾವು ತೂಕಡಿಸುವುದನ್ನು ಕಂಡು ಬೈಯಲಿಲ್ಲ. ಊರೂರಿಗೆ ದೂರದರ್ಶನ ತಲುಪಿಸುತ್ತಿದ್ದ ಇನ್ಸಾಟ್-1ಬಿ ಉಪಗ್ರಹವನ್ನು ನೋಡಿಕೊಳ್ಳುವುದು ನಮ್ಮ ಸಾಲಗಾಮೆ ರಸ್ತೆಯ ಕೇಂದ್ರದಿಂದಲೇ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. ಹಾಸನದವನು ಎಂದು ಮೊದಲ ಸಲ ನನಗೆ ಹೆಮ್ಮೆಯಾಗಿದ್ದು ಅವತ್ತು.

ಮುಂದೆ ನಾನು ಕಾಲೇಜು ತಂಡಕ್ಕೆ ನಾಲ್ಕು ವರ್ಷ ಆಡಿದೆ, ಎರಡು ವರ್ಷ ಕ್ಯಾಪ್ಟನ್ ಆಗಿದ್ದೆ. ಒಂದೇ ಸೀಸನ್ನಿನಲ್ಲಿ ಹನ್ನೊಂದು ಗೋಲಿಗೆ ಪಾಸು ಕೊಟ್ಟ ಲೆಕ್ಕ ನನ್ನ ಹಳೇ ಡೈರಿಯಲ್ಲಿದೆ. ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ 1990ರಲ್ಲಿ ಸೋತಿತು, 2014ರಲ್ಲಿ ಸೋತಿತು, ಎರಡು ಸಲವೂ ಜರ್ಮನಿಗೇ, ಒಂದು ಗೋಲಿನಲ್ಲಿ. ನಾನು ತಂಡ ಬದಲಿಸಲಿಲ್ಲ. 2022ರ ಡಿಸೆಂಬರ್ 18ರಂದು ಫ್ರಾನ್ಸ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದಾಗ ಮೊದಲು ಫೋನ್ ಮಾಡಿದ್ದು ಮೇಷ್ಟ್ರಿಗೆ. ಎಂಬತ್ತು ದಾಟಿದ್ದರೂ ಎದ್ದೇ ಇದ್ದರು. ಮೆಸ್ಸಿಯ ಮಾತೇ ಇಲ್ಲ. "ಡಿ ಮರಿಯಾ ಗೋಲಿಗೆ ಆ ಮೆಕ್ ಅಲಿಸ್ಟರ್ ಚೆಂಡು ಕೊಟ್ಟಿದ್ದು ನೋಡ್ದೇನೋ? ತಾನೇ ಹೊಡೀಬಹುದಿತ್ತು ಕಣೋ!" ಅದೇ ದನಿ.

ಮೊನ್ನೆ ಹಳೇ ವಿದ್ಯಾರ್ಥಿಗಳ ಕೂಟಕ್ಕೆ ಬಂದಾಗ ನಾಲ್ವರೂ ಮೈದಾನಕ್ಕೆ ಹೋದೆವು. ಅರ್ಧ ಜಾಗದಲ್ಲಿ ಹೊಸ ಕಟ್ಟಡ ಎದ್ದಿದೆ. ಕ್ಲಾಸ್‌ರೂಮು ಬೇಕು, ಒಪ್ಪುತ್ತೇನೆ. ಆದರೆ ಪಿ.ಟಿ. ಪೀರಿಯಡ್ಡಿನಲ್ಲಿ ಗಣಿತ ಮಾಡಿಸುತ್ತಾರೆ ಎಂದು ಒಬ್ಬ ಹುಡುಗ ಹೇಳಿದಾಗ ಬೇಜಾರಾಯಿತು. ಭಾನುವಾರ ಅವನಿಗೆ ಟ್ಯೂಷನ್ನಂತೆ. ಅಂಕ ಜಾಸ್ತಿ ಬರುತ್ತಿರಬಹುದು. ಇನ್ನೊಬ್ಬನಿಗೆ ಚೆಂಡು ಕೊಡುವುದನ್ನು ಅವನಿಗೆ ಯಾರು ಕಲಿಸುತ್ತಾರೆ?

ಉಳಿದಿರುವ ಅರ್ಧ ಮೈದಾನಕ್ಕೆ ಎರಡು ಕಡೆಯ ಗೋಲುಕಂಬ, ನೆಟ್ಟು, ಹನ್ನೆರಡು ಚೆಂಡು ನಾವು ನಾಲ್ವರು ಕೊಡಿಸುತ್ತೇವೆ. ಹೆಡ್‌ಮಾಸ್ಟರರಿಗೆ ಪತ್ರವನ್ನೂ ಕೊಟ್ಟಿದ್ದೇವೆ. ನಮ್ಮ ಹೆಸರು ಎಲ್ಲೂ ಬೇಡ. ಭಾನುವಾರ ಬೆಳಿಗ್ಗೆ ಮಾತ್ರ ಗೇಟಿಗೆ ಬೀಗ ಹಾಕಬೇಡಿ.