ಅಡಿಕೆ ಸುಲಿಯುವ ತಿಂಗಳಲ್ಲಿ ಬಾರ್ ಪರೀಕ್ಷೆಯ ಓದು

ಕಾನೂನು ಪದವಿ ಮುಗಿಸಿ, ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ ಮಾತ್ರಕ್ಕೆ ವಕೀಲಿಕೆಯ ಹಕ್ಕು ಕಾಯಂ ಆಗುವುದಿಲ್ಲ. ಭಾರತೀಯ ವಕೀಲರ ಪರಿಷತ್ತು 2011ರಿಂದ ನಡೆಸುತ್ತಿರುವ ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿ ಎರಡು ವರ್ಷದೊಳಗೆ ತೇರ್ಗಡೆಯಾಗಬೇಕು. ಈ ಪರೀಕ್ಷೆ ನಡೆಸುವ ಅಧಿಕಾರವನ್ನು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಎತ್ತಿಹಿಡಿದಿದೆ. ನೂರು ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 45, ಪರಿಶಿಷ್ಟರಿಗೆ 40 ಅಂಕ ಬಂದರೆ ಸಾಕು. ಕನ್ನಡದಲ್ಲಿಯೂ ಬರೆಯಬಹುದು. ಟಿಪ್ಪಣಿಗಳಿಲ್ಲದ, ಕಾನೂನಿನ ಮೂಲ ಪಠ್ಯವಷ್ಟೇ ಇರುವ ಬೇರ್ ಆಕ್ಟ್ ಪುಸ್ತಕಗಳನ್ನು ಒಳಗೆ ಒಯ್ಯಲು ಅನುಮತಿಯೂ ಇದೆ. ಇಷ್ಟನ್ನು ಕೇಳಿದವರು ಇದು ಸುಲಭದ ಪರೀಕ್ಷೆ ಎನ್ನುತ್ತಾರೆ. ಕಚೇರಿ ಮತ್ತು ಮನೆ ಎರಡನ್ನೂ ನಡೆಸಿಕೊಂಡು ಓದುವವರಿಗೆ ಅದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ನನ್ನ ಅನುಭವದಿಂದ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದ ಹಿರಿಯ ವಕೀಲರೊಬ್ಬರ ಕಚೇರಿಗೆ ಬೆರಳಚ್ಚುಗಾರ್ತಿಯಾಗಿ ಸೇರಿದವಳು. ಪದವಿ ಓದುವುದಕ್ಕೆಂದು ಕೆಲಸ ಬಿಟ್ಟಿದ್ದೆ. ಈಗ ಅದೇ ಕಚೇರಿಯಲ್ಲಿ ಕಿರಿಯ ವಕೀಲೆಯಾಗಿ ಇದ್ದೇನೆ. ಮನೆ ಮಂಡಗದ್ದೆಯ ಹತ್ತಿರದ ಹಳ್ಳಿಯಲ್ಲಿ. ಮನೆಯವರು ಅಡಿಕೆ ತೋಟ ನೋಡಿಕೊಳ್ಳುತ್ತಾರೆ, ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ, ಅತ್ತೆ ನಮ್ಮೊಡನೆ ಇದ್ದಾರೆ. ಪರೀಕ್ಷೆ 2023ರಲ್ಲಿ ಡಿಸೆಂಬರ್ 10ರಂದು, 2024ರಲ್ಲಿ ಡಿಸೆಂಬರ್ 22ರಂದು, 2025ರಲ್ಲಿ ನವೆಂಬರ್ 30ರಂದು ನಡೆಯಿತು. ಮಲೆನಾಡಿನವರಿಗೆ ಈ ದಿನಗಳ ಅರ್ಥವನ್ನು ವಿವರಿಸಬೇಕಾಗಿಲ್ಲ. ಅದು ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವ ಕಾಲ. ಮರವೇರಿ ಕೊಯ್ಯುವ ಕೊನೆಗಾರ ಸಿಕ್ಕ ದಿನವೇ ಕೊಯ್ಲು. ಇಳಿಸಿದ ಹಸಿ ಅಡಿಕೆಯನ್ನು ಹಾಗೇ ಬಿಡುವಂತಿಲ್ಲ, ಸುಲಿದು, ಬೇಯಿಸಿ, ಚೊಗರು ಹಾಕಿ ಒಣಗಿಸಲೇಬೇಕು. ಆ ತಿಂಗಳುಗಳಲ್ಲಿ ಮನೆಯ ಯಾರೊಬ್ಬರೂ ಒಂದು ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತುಕೊಳ್ಳುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ.

ಆದ್ದರಿಂದ ಓದನ್ನು ಕೆಲಸದೊಳಕ್ಕೇ ತರಬೇಕಾಯಿತು. ಮೊದಲು ಅಂಕಗಳ ಹಂಚಿಕೆಯನ್ನು ನೋಡಿದೆ. ಸಂವಿಧಾನ, ನಾಗರಿಕ ಸುರಕ್ಷಾ ಸಂಹಿತೆ, ಸಿವಿಲ್ ಪ್ರಕ್ರಿಯಾ ಸಂಹಿತೆ, ಇವಕ್ಕೆ ತಲಾ 10 ಅಂಕ. ನ್ಯಾಯ ಸಂಹಿತೆಗೆ, ಸಾಕ್ಷ್ಯ ಅಧಿನಿಯಮಕ್ಕೆ, ಕೌಟುಂಬಿಕ ಕಾನೂನಿಗೆ, ಕರಾರು–ಸ್ವತ್ತು–ಚೆಕ್ಕುಗಳ ಗುಂಪಿಗೆ ತಲಾ 8. ಇವಿಷ್ಟರಲ್ಲೇ 62 ಅಂಕಗಳಿವೆ, ಮತ್ತು ಇವೆಲ್ಲವೂ ನಮ್ಮ ಕಚೇರಿಯ ಕಪಾಟಿನಲ್ಲಿ ಕಟ್ಟು ಕಟ್ಟಾಗಿ ಕುಳಿತಿರುವ ವಿಷಯಗಳು. ಕಂಪನಿ ಕಾನೂನು, ಸೈಬರ್ ಕಾನೂನು, ಪರಿಸರ ಕಾನೂನುಗಳಿಗೆ ತಲಾ 2 ಅಂಕವಿದೆ. ಅವುಗಳನ್ನು ಕೊನೆಗೆ ಒಮ್ಮೆ ಓದಿದರಾಯಿತು ಎಂದು ಬದಿಗಿಟ್ಟೆ.

ಕ್ರಿಮಿನಲ್ ಕಾನೂನು ನನ್ನಿಂದ ಹೆಚ್ಚು ಸಮಯ ಕೇಳಿತು. 2024ರ ಜುಲೈ 1ರಿಂದ ಮೂರು ಹೊಸ ಕಾನೂನುಗಳು ಜಾರಿಗೆ ಬಂದು, 511 ಸೆಕ್ಷನ್ನುಗಳ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ 358 ಸೆಕ್ಷನ್ನುಗಳ ಭಾರತೀಯ ನ್ಯಾಯ ಸಂಹಿತೆ ಬಂದಿತು. ವರ್ಷಗಟ್ಟಲೆ 302, 420 ಎಂದು ಬೆರಳಚ್ಚು ಮಾಡಿದ ಕೈಗೆ 103, 318 ಎಂಬ ಅಂಕಿಗಳು ಕೂಡಲೇ ಒಗ್ಗುವುದಿಲ್ಲ. ಹಳೆಯ ಅಂಕಿಯೇ ಬೇರೆ ಅರ್ಥದಲ್ಲಿ ಮರಳಿ ಬಂದಿರುವ ಕಡೆಗಳಲ್ಲಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈಗ ಅದು 528ಕ್ಕೆ ಹೋಗಿದೆ, 482ರಲ್ಲಿ ನಿರೀಕ್ಷಣಾ ಜಾಮೀನು ಬಂದು ಕುಳಿತಿದೆ. ಹಳೆಯ ಪ್ರಕರಣಗಳು ಹಳೆಯ ಕಾನೂನಿನಂತೆಯೇ ಮುಂದುವರಿಯುವುದರಿಂದ ಕಚೇರಿಯಲ್ಲಿ ಎರಡೂ ಅರ್ಥಗಳು ಒಟ್ಟಿಗೆ ಬೇಕು.

ಒಂದು ರಾತ್ರಿ ನಾನು ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿದ್ದೆ, ಮಗಳು ಪುಸ್ತಕ ಹಿಡಿದು ನನ್ನನ್ನು ಪ್ರಶ್ನಿಸುತ್ತಿದ್ದಳು. ಅವಳು 144 ಎಂದಾಗ ಅತ್ತೆ ತಲೆಯೆತ್ತಿ, “ಗುಂಪು ಸೇರಬೇಡಿ ಅಂತ ಪೊಲೀಸರು ಮೈಕಿನಲ್ಲಿ ಕೂಗುವುದು ಅದೇ ಅಲ್ಲವೇನೇ?” ಎಂದರು. ಶಿವಮೊಗ್ಗದ ಸುತ್ತಮುತ್ತ ಆ ಅಂಕಿಯನ್ನು ಅರಿಯದವರಿಲ್ಲ. ಆ ನಿಷೇಧಾಜ್ಞೆ ಈಗ 163 ಆಗಿದೆ, 144ರಲ್ಲಿ ಹೆಂಡತಿ, ಮಕ್ಕಳು, ತಂದೆತಾಯಿಗಳ ಜೀವನಾಂಶದ ವಿಷಯವಿದೆ, ಹಿಂದೆ ಅದು 125 ಆಗಿತ್ತು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಸುಲಿಯುತ್ತಿದ್ದು, “ಮಗ ನೋಡಿಕೊಳ್ಳದ ತಾಯಿಗೂ ಬರುತ್ತದೆಯೇ?” ಎಂದು ಕೇಳಿದರು. ಊರಿನ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದೆಂದು ನನಗೆ ತಿಳಿಯಿತು. ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ತಾಯಿಗೆ, ಶಕ್ತಿಯಿರುವ ಮಗ ಜೀವನಾಂಶ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು ಎಂದು ಪೂರ್ತಿಯಾಗಿ ಹೇಳಿದೆ. ಆ ಸೆಕ್ಷನ್ನನ್ನು ಮತ್ತೆ ಓದುವ ಅಗತ್ಯ ನನಗೆ ಬಿದ್ದಿಲ್ಲ.

ಹಳೆಯ ಮತ್ತು ಹೊಸ ಸೆಕ್ಷನ್ನುಗಳನ್ನು ಎದುರುಬದುರು ಮುದ್ರಿಸಿದ ಪಟ್ಟಿಗಳು ಎಲ್ಲರ ಫೋನಿನಲ್ಲೂ ಓಡಾಡುತ್ತಿವೆ. ಅವು ಕಚೇರಿಗೆ ಉಪಯುಕ್ತ. ಪರೀಕ್ಷೆಗೆ ಅವನ್ನೇ ನಂಬುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಗಾಗಲಿ, ಕಿತ್ತುಕೊಂಡು ಓಡುವ ಕಳ್ಳತನವನ್ನು ಪ್ರತ್ಯೇಕ ಅಪರಾಧವಾಗಿಸಿದ 304ಕ್ಕಾಗಲಿ ಎದುರಿಗೆ ಬರೆಯಲು ಹಳೆಯ ಅಂಕಿಯೇ ಇಲ್ಲ. ಹೊಸ ಸಂಹಿತೆಯನ್ನು ಅಧ್ಯಾಯದ ಕ್ರಮದಲ್ಲೇ ಓದಿದರೆ ಮಾತ್ರ ಇವು ಕಣ್ಣಿಗೆ ಬೀಳುತ್ತವೆ.

ಕಚೇರಿಯ ಅನುಭವದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅದು ದೊಡ್ಡ ಆಸರೆ, ಆದರೆ ಅದರ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಚೆಕ್ ಬೌನ್ಸ್ ಆದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು: ಇದನ್ನು ನಾನು ಬಾಯಿಪಾಠ ಮಾಡಲಿಲ್ಲ, ಕಚೇರಿಯ ದಿನಚರಿ ಪುಸ್ತಕವೇ ಕಲಿಸಿತು. ಸಿವಿಲ್ ದಾವೆಗಳಲ್ಲಿ ಹಾಗಲ್ಲ. ಪ್ರತಿವಾದಿ 30 ದಿನದಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು, ಕಾರಣ ದಾಖಲಿಸಿ 90 ದಿನದವರೆಗೆ ಅವಕಾಶ ಕೊಡಬಹುದು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 8ರ ನಿಯಮ 1. ಅದರಾಚೆಗೂ ಅಪರೂಪದ ಸಂದರ್ಭದಲ್ಲಿ ನ್ಯಾಯಾಲಯ ಅವಕಾಶ ಕೊಡಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟು ಕೈಲಾಶ್ ಪ್ರಕರಣದಲ್ಲಿ ಹೇಳಿತು. ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಬಾರಿ ವಾಯಿದೆ ಕೊಡಬಾರದು ಎಂದು ಆದೇಶ 17 ಹೇಳುತ್ತದೆ. ಕಟ್ಟುಗಳನ್ನು ಹೊತ್ತು ಓಡಾಡಿದವರಿಗೆ ರೂಢಿ ಚೆನ್ನಾಗಿ ಗೊತ್ತಿರುತ್ತದೆ, ಪ್ರಶ್ನೆಪತ್ರಿಕೆ ಕೇಳುವುದು ನಿಯಮವನ್ನು. ನನ್ನಂತೆ ಕೆಲಸ ಮಾಡುತ್ತಾ ಓದುವವರು ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು “ಗೊತ್ತಿರುವ ವಿಷಯ” ಎಂದು ಬಿಡದೆ ಮೊದಲಿನಿಂದ ಓದಬೇಕೆಂದು ಒತ್ತಾಯಿಸುತ್ತೇನೆ.

ಪಾಲು ವಿಭಾಗದ ದಾವೆಗಳು ನಮ್ಮ ಸೀಮೆಯಲ್ಲಿ ಹೇರಳ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ತಂದೆ ಆಗ ಜೀವಂತವಿರಬೇಕಾಗಿಲ್ಲ ಎಂದ 2020ರ ವಿನೀತಾ ಶರ್ಮಾ ತೀರ್ಪು, ಅದಕ್ಕೂ ಮೊದಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ಇವನ್ನು ಕಡತಗಳ ಜೊತೆಗೇ ಕಲಿತೆ. ಆದರೆ ಮಲೆನಾಡಿನ ಕಕ್ಷಿದಾರರು ಹೆಚ್ಚಾಗಿ ಕೈಯಲ್ಲಿ ಹಿಡಿದು ಬರುವ ಕಾಗದಗಳು ಪಹಣಿ, ಬಗರ್ ಹುಕುಂ ಅರ್ಜಿ, ಗೇಣಿಯ ಕಾಲದ ಫಾರಂ ನಂ. 7. ಇವುಗಳ ಹಿಂದಿರುವ ಕರ್ನಾಟಕ ಭೂ ಸುಧಾರಣಾ ಕಾಯ್ದೆಯಾಗಲಿ 1964ರ ಭೂ ಕಂದಾಯ ಕಾಯ್ದೆಯಾಗಲಿ ರಾಜ್ಯದ ಕಾನೂನುಗಳಾದ್ದರಿಂದ ಅಖಿಲ ಭಾರತ ಪರೀಕ್ಷೆಯ ಪಠ್ಯದಲ್ಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಅವುಗಳನ್ನು ಬದಿಗಿಡುವುದು ನನಗೆ ಕಷ್ಟವಾಗಿದೆ, ಏಕೆಂದರೆ ಜನ ಬಂದು ಕೇಳುವುದು ಅವನ್ನೇ.

ಮನೆಯಲ್ಲಿ ಸಮಯದ ವಿಷಯವನ್ನು ಕೊಯ್ಲಿಗೆ ಮೊದಲೇ ಕುಳಿತು ಮಾತಾಡಿಕೊಂಡೆವು. ಬೆಳಗಿನ ಜಾವ ಮಗಳೂ ನಾನೂ ಒಂದೇ ಮೇಜಿನಲ್ಲಿ ಓದುತ್ತೇವೆ. ಆ ಹೊತ್ತಿನಲ್ಲಿ ಒಲೆಯ ಕೆಲಸ ಮನೆಯವರದು. ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗ ಸೇರುವ ಬಸ್ಸಿನಲ್ಲಿ ಪುಸ್ತಕ ಹಿಡಿಯುವುದು ಆಗದ ಮಾತು, ಆದ್ದರಿಂದ ಸೆಕ್ಷನ್ನುಗಳನ್ನು ನನ್ನದೇ ದನಿಯಲ್ಲಿ ಫೋನಿಗೆ ಓದಿಟ್ಟುಕೊಂಡು ಕೇಳುತ್ತೇನೆ. ಪರೀಕ್ಷೆಗೆ ಹತ್ತಿರದ ವಾರಗಳಲ್ಲಿ ನನ್ನ ಪಾಲಿನ ಸುಲಿತಕ್ಕೆ ಪಕ್ಕದ ಮನೆಯವರು ಮುಯ್ಯಾಳಾಗಿ ಬರುತ್ತಾರೆ. ಅದಕ್ಕೆ ಬದಲಾಗಿ ಅವರ ಪಹಣಿ ತಿದ್ದುಪಡಿಯ ಅರ್ಜಿಯನ್ನು ನಾನು ಬರೆದುಕೊಟ್ಟಿದ್ದೇನೆ, ಅವರ ಮನೆಯ ಅಡಿಕೆ ಕೊಯ್ಲಿಗೆ ನಾವಿಬ್ಬರೂ ಹೋಗುವುದೆಂದು ಮಾತಾಗಿದೆ. ಸ್ವತ್ತು ವರ್ಗಾವಣೆ ಅಧಿನಿಯಮ ಮತ್ತು ನಿರ್ದಿಷ್ಟ ಪರಿಹಾರ ಅಧಿನಿಯಮ ಇನ್ನೂ ಬಾಕಿ ಇವೆ. ನಾಳೆ ಬೆಳಗ್ಗೆ ಅಡಮಾನದ ಅಧ್ಯಾಯದಿಂದ ಆರಂಭಿಸುತ್ತೇನೆ.