ಮೊದಲ ಸಂಬಳ ಬರುವ ತನಕ ಯಾರು ನೋಡಿಕೊಳ್ಳಬೇಕು?

ಹೋದ ವರ್ಷದ ರಿವ್ಯೂ ಮೀಟಿಂಗಿನಲ್ಲಿ ಒಂದು ಹುಡುಗಿಯ ಹೆಸರಿನ ಮುಂದೆ 'ಡ್ರಾಪ್‌ಔಟ್, ಆಸಕ್ತಿ ಇಲ್ಲ' ಅಂತ ಬರೆದಿತ್ತು. ಅದು ಶುದ್ಧ ಸುಳ್ಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಯಾದಗಿರಿಯ ಒಂದು ತರಬೇತಿ ಕೇಂದ್ರದಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತೇನೆ. ದುಡ್ಡು ಒಂದು ಕಂಪನಿಯ ಸಿಎಸ್‌ಆರ್‌ನಿಂದ, ಅಂದರೆ ಕಾನೂನಿನ ಪ್ರಕಾರ ಕಂಪನಿ ಸಮಾಜದ ಕೆಲಸಕ್ಕೆ ಕೊಡುವ ಹಣದಿಂದ ಬರುತ್ತದೆ. ಕಲಿಯಲು ಬರುವವರು ಜಾಸ್ತಿ ಹತ್ತಿ, ತೊಗರಿ ಹೊಲದಲ್ಲಿ ಕೂಲಿ ಮಾಡುವ ಮನೆಗಳವರು. ಈ ಹುಡುಗಿ ಡೇಟಾ ಎಂಟ್ರಿಯಲ್ಲಿ ಇಡೀ ಬ್ಯಾಚ್‌ಗೇ ಮುಂದಿದ್ದಳು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದಳು.

ಬೆಳಗ್ಗೆ ಪಿಜಿ ಬಾಗಿಲಲ್ಲಿ ನಿಂತು ಫೋನ್ ಮಾಡಿದಳು. ಓನರ್ ಬಾಡಿಗೆಯ ಜೊತೆ ಅಡ್ವಾನ್ಸನ್ನೂ ಕೇಳುತ್ತಿದ್ದಾರೆ. ಅವಳ ಕೈಯಲ್ಲಿದ್ದದ್ದು ತಾಯಿ ಸಂಘದಲ್ಲಿ ಎತ್ತಿಕೊಟ್ಟ ಸಾಲ ಮಾತ್ರ. ಹತ್ತು ಗಂಟೆಗೆ ಜಾಯಿನಿಂಗ್. ಅಕೌಂಟ್ಸ್‌ಗೆ ಕೇಳಿದೆ. 'ಬಜೆಟ್‌ನಲ್ಲಿ ಆ ಖರ್ಚಿಗೆ ಹೆಡ್ ಇಲ್ವಲ್ಲ' ಅಂದರು. ಲ್ಯಾಪ್‌ಟಾಪ್‌ಗೆ ಹೆಡ್ ಇದೆ, ಬ್ಯಾನರ್‌ಗೆ ಇದೆ, ಸರ್ಟಿಫಿಕೇಟ್ ಕೊಡುವ ಕಾರ್ಯಕ್ರಮದ ಶಾಲು ಹಾರಕ್ಕೂ ಇದೆ. ಒಂದು ಕಡೆ ಎಚ್‌ಆರ್ ಲೈನಿನಲ್ಲಿ, ಇನ್ನೊಂದು ಕಡೆ ಅವಳು ಬ್ಯಾಗ್ ಹಿಡಿದು ರಸ್ತೆಯಲ್ಲಿ. ಆ ಅರ್ಧ ಗಂಟೆ ಈಗಲೂ ಎದೆ ಹಿಂಡುತ್ತದೆ. ಕೊನೆಗೆ ನಮ್ಮ ಟ್ರೈನರ್ ಸ್ವಂತ ದುಡ್ಡು ಫೋನ್‌ಪೇ ಮಾಡಿದರು. ಜಾಯಿನ್ ಆದಳು. ಆದರೆ ಸಂಬಳ ಬರುವುದು ಮುಂದಿನ ತಿಂಗಳು. ಅಷ್ಟರಲ್ಲಿ ಬಸ್ಸಿಗೂ ಊಟಕ್ಕೂ ಕೈ ಖಾಲಿಯಾಗಿ ಊರಿಗೆ ವಾಪಸ್ ಬಂದಳು.

ಮೀಟಿಂಗಿನಲ್ಲಿ ನಾನು ಇದನ್ನೆಲ್ಲ ಹೇಳಿ, ಮೊದಲ ಸಂಬಳದ ತನಕ ಇರಲು, ಉಣ್ಣಲು ದುಡ್ಡು ಇಡಿ ಅಂದೆ. 'ಅದು ಅಡ್ಮಿನ್ ಖರ್ಚು, 5% ಮಿತಿ ದಾಟುತ್ತದೆ' ಅಂದರು ಫೈನಾನ್ಸ್‌ನವರು. ಎಲ್ಲರೂ ಸುಮ್ಮನಾದರು. ನನ್ನ ಮ್ಯಾನೇಜರ್ ಕೂಡ. ನಾನು ಸಿಎಸ್‌ಆರ್ ನಿಯಮಗಳ 2021ರ ತಿದ್ದುಪಡಿಯ ಪ್ರಿಂಟ್‌ಔಟ್ ಒಯ್ದಿದ್ದೆ. ಓದಿದೆ. ಆ 5% ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ. ಯೋಜನೆ ಜಾರಿ ಮಾಡಲು ನೇರವಾಗಿ ಆಗುವ ಖರ್ಚು ಅದರಲ್ಲಿ ಬರುವುದೇ ಇಲ್ಲ. ನಮ್ಮ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಈ ನಿಯಮವನ್ನು ಒಮ್ಮೆ ಓದಿಕೊಳ್ಳಿ. ಇದೇ ತಪ್ಪು ತಿಳಿವಳಿಕೆಯಿಂದ ಎಷ್ಟೋ ಪ್ರಪೋಸಲ್‌ಗಳಿಂದ ಮಕ್ಕಳ ದುಡ್ಡು ಹಾರಿಹೋಗುತ್ತದೆ.

ಹಳ್ಳಿಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಕೆಲಸ ಕೊಡಿಸಲು ಕೇಂದ್ರ ಸರ್ಕಾರ 2014ರಲ್ಲಿ ಶುರು ಮಾಡಿದ ಡಿಡಿಯು-ಜಿಕೆವೈ ಯೋಜನೆಯಲ್ಲೇ ಇದಕ್ಕೆ ಜಾಗ ಇತ್ತು. ಕೆಲಸ ಸಿಕ್ಕ ಮೇಲೆ ತಿಂಗಳಿಗೆ ₹1,000. ಸ್ವಂತ ಜಿಲ್ಲೆಯಲ್ಲಾದರೆ 2 ತಿಂಗಳು, ರಾಜ್ಯದೊಳಗೆ 3, ಹೊರಗೆ 6. ಬೆಂಗಳೂರಿನ ಪಿಜಿಗೆ ಆ ದುಡ್ಡು ಎಲ್ಲಿ ಸಾಲುತ್ತದೆ, ಅಲ್ವಾ? ಆದರೂ ದೂರ ಹೋದಷ್ಟೂ ಜಾಸ್ತಿ ಕಾಲ ಆಸರೆ ಬೇಕು ಅನ್ನುವ ತಿಳಿವಳಿಕೆ ಅದರಲ್ಲಿತ್ತು. ಕಲಿತವರು ಕೆಲಸದಲ್ಲಿ ಉಳಿದಿದ್ದಾರೆ ಅನ್ನುವುದಕ್ಕೆ ನಮ್ಮ ಫಂಡರ್ ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ. ಆ ಮೂರು ತಿಂಗಳಿಗೆ ಒಂದು ರೂಪಾಯಿಯನ್ನೂ ಇಟ್ಟಿರಲಿಲ್ಲ.

ಈ ವರ್ಷದ ಬಜೆಟ್‌ನಲ್ಲಿ ಪಿಜಿ ಅಡ್ವಾನ್ಸ್ ಸೇರಿದೆ, ಹುಡುಗಿಯರಿಗೆ ಮಾತ್ರ. ಊಟ, ಬಸ್ ಪಾಸ್ ಇನ್ನೂ 'ಪರಿಶೀಲನೆಯಲ್ಲಿ' ಇದೆ. ಆ ಹುಡುಗಿಗೆ ಮತ್ತೆ ಇಂಟರ್‌ವ್ಯೂ ಹಾಕಿಸಿದ್ದೇನೆ. ಅವಳ ಕೇಸನ್ನೂ ಹೊಸ ಹೆಡ್‌ನಡಿ ಸೇರಿಸಿ ಅಂತ ಮೇಲ್ ಮಾಡಿದ್ದೇನೆ. ಉತ್ತರ ಬಂದಿಲ್ಲ. ಸೋಮವಾರ ಮತ್ತೆ ಕೇಳುತ್ತೇನೆ.