ಸಿಮ್ಸಾಪ್ಟ್ ಇನ್‌ಸ್ಟಾಲ್ ಮಾಡುವ ಮುನ್ನ: ಏನು ಬೇಕು, ಏನು ಬೇಡ

ಹಾಸನದಲ್ಲಿ ನಾನು ಭೌತಶಾಸ್ತ್ರ ಕಲಿಸುವ ಇಂಜಿನಿಯರಿಂಗ್ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಈ ಸಲ ಪ್ರಾಜೆಕ್ಟ್‌ಗೆ ಸ್ಟೆಲರೇಟರ್ ಕಾಯಿಲ್‌ಗಳ ವಿನ್ಯಾಸವನ್ನು ಆರಿಸಿಕೊಂಡಿದ್ದಾರೆ. ಸ್ಟೆಲರೇಟರ್ ಎಂದರೆ ಪರಮಾಣು ಸಮ್ಮಿಲನಕ್ಕಾಗಿ ಅತಿ ಬಿಸಿಯಾದ ಅನಿಲವನ್ನು, ಅಂದರೆ ಪ್ಲಾಸ್ಮಾವನ್ನು, ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರ. 1951ರಲ್ಲಿ ಪ್ರಿನ್ಸ್‌ಟನ್‌ನ ಲೈಮನ್ ಸ್ಪಿಟ್ಜರ್ ಕಲ್ಪಿಸಿದ ಈ ಯಂತ್ರದಲ್ಲಿ ಪ್ಲಾಸ್ಮಾವನ್ನು ಹಿಡಿದಿಡುವ ಕಾಂತಕ್ಷೇತ್ರವು ಬಹುಪಾಲು ಹೊರಗಿನ ಕಾಯಿಲ್‌ಗಳಿಂದಲೇ ಬರಬೇಕಾದ್ದರಿಂದ, ಕಾಯಿಲ್‌ನ ಆಕಾರವೇ ಇಲ್ಲಿ ವಿನ್ಯಾಸದ ತಿರುಳು. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ 2015ರ ಡಿಸೆಂಬರ್‌ನಲ್ಲಿ ಮೊದಲ ಪ್ಲಾಸ್ಮಾ ಪಡೆದ ವೆಂಡೆಲ್‌ಸ್ಟೈನ್ 7-ಎಕ್ಸ್ ಎಂಬ ಸ್ಟೆಲರೇಟರ್‌ನಲ್ಲಿ ತಿರುಚಿದ 50 ಕಾಯಿಲ್‌ಗಳೂ ಸಮತಲವಾದ 20 ಕಾಯಿಲ್‌ಗಳೂ ಇವೆ. ಅಂಥ ಆಕಾರಗಳನ್ನು ಲೆಕ್ಕ ಹಾಕಿ ಹುಡುಕುವ ಮುಕ್ತ ತಂತ್ರಾಂಶ ಸಿಮ್ಸಾಪ್ಟ್.

ಅದರ ಅವಲಂಬನೆಗಳ (ಅದು ನಡೆಯಲು ಬೇಕಾಗುವ ಇತರ ತಂತ್ರಾಂಶಗಳ) ಪಟ್ಟಿ ನೋಡಿದ ಕೂಡಲೇ ವಿದ್ಯಾರ್ಥಿಗಳು ಎಲ್ಲವನ್ನೂ ಹಾಕಲು ಹೊರಡುತ್ತಾರೆ. ಅದು ಬೇಡ. ಪೈಥಾನ್‌ನ ಗಣಿತ ಲೈಬ್ರರಿಗಳಾದ ನಂಪೈ, ಸೈಪೈ ಮತ್ತು ಅವಕಲನಗಳನ್ನು ತಾನೇ ಲೆಕ್ಕ ಹಾಕುವ ಜಾಕ್ಸ್ ಇವು ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಪಿಪ್ ಮೂಲಕ ತಾವಾಗಿಯೇ ಬರುತ್ತವೆ. ಪ್ಲಾಸ್ಮಾದ ಸಮತೋಲನ ಸ್ಥಿತಿಯನ್ನು ಲೆಕ್ಕ ಹಾಕುವ ವಿಮೆಕ್ ಎಂಬ ತಂತ್ರಾಂಶ ಮಾತ್ರ ಫೋರ್ಟ್ರಾನ್ ಕಂಪೈಲರ್ ಜೊತೆಗೆ ಎಂಪಿಐ, ನೆಟ್‌ಸಿಡಿಎಫ್, ಸ್ಕೇಲಾಪ್ಯಾಕ್ ಎಂಬ ಲೈಬ್ರರಿಗಳನ್ನೂ ಕೇಳುತ್ತದೆ. ಆದರೆ ಪ್ಲಾಸ್ಮಾದ ಗಡಿ ಮೊದಲೇ ಗೊತ್ತಿದ್ದು ಕಾಯಿಲ್ ಮಾತ್ರ ಹುಡುಕುವವರಿಗೆ ವಿಮೆಕ್ ಅಗತ್ಯವೇ ಇಲ್ಲ. ಅದರ ಇನ್‌ಪುಟ್ ಫೈಲ್‌ನಿಂದ ಗಡಿಯನ್ನು ಓದಿಕೊಳ್ಳುವುದಕ್ಕೂ ಎಫ್90ಎನ್‌ಎಂಎಲ್ ಎಂಬ ಪುಟ್ಟ ಪ್ಯಾಕೇಜ್ ಸಾಕು.

ವಿಂಡೋಸ್ ಲ್ಯಾಪ್‌ಟಾಪ್ ಇರುವವರು ವಿಂಡೋಸ್‌ನೊಳಗೇ ಲಿನಕ್ಸ್ ನಡೆಸಲು ಬಿಡುವ ಡಬ್ಲ್ಯುಎಸ್‌ಎಲ್ ಒಳಗೆ ಉಬುಂಟು ಲಿನಕ್ಸ್ ಹಾಕಿಕೊಂಡು, ಸಿ ಡ್ರೈವ್‌ನಲ್ಲಲ್ಲದೆ ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲೇ ಈ ಪ್ರಾಜೆಕ್ಟ್‌ನ ಪ್ಯಾಕೇಜ್‌ಗಳಿಗಷ್ಟೇ ಮೀಸಲಾದ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ತೆರೆಯುವುದು ಒಳ್ಳೆಯದು. ಕೋಡ್ ತಿದ್ದುವ ಉದ್ದೇಶವಿಲ್ಲದಿದ್ದರೆ ಸಿದ್ಧ ವ್ಹೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್ ಫೈಲ್) ಸಾಕು. ತಿದ್ದುವವರು ಗಿಟ್ ಕ್ಲೋನ್ ಮಾಡುವಾಗ ರಿಕರ್ಸಿವ್ ಆಯ್ಕೆಯನ್ನು ಕೊಡಲೇಬೇಕು, ಏಕೆಂದರೆ ಬಯೋ-ಸವಾರ್ ಲೆಕ್ಕ (ವಿದ್ಯುತ್‌ ಪ್ರವಾಹದಿಂದ ಕಾಂತಕ್ಷೇತ್ರ ಕಂಡುಹಿಡಿಯುವ ಲೆಕ್ಕ) ಮಾಡುವ ಸಿ++ ಭಾಗಕ್ಕೆ ಬೇಕಾದ ಲೈಬ್ರರಿಗಳು ಸಬ್‌ಮಾಡ್ಯೂಲ್‌ಗಳಾಗಿ, ಅಂದರೆ ಬೇರೆ ಗಿಟ್ ಸಂಗ್ರಹಗಳ ಕೊಂಡಿಗಳಾಗಿ, ಇವೆ. ಜಿಪ್ ಇಳಿಸಿಕೊಂಡರೆ ಅವು ಬರುವುದಿಲ್ಲ.

ಸಕಲೇಶಪುರದ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಮಳೆಗಾಲದಲ್ಲಿ ಮನೆಯ ನೆಟ್‌ವರ್ಕ್ ನಂಬುವಂತಿರುವುದಿಲ್ಲ. ಅವರಿಗಾಗಿ ಕಾಲೇಜಿನ ಲ್ಯಾಬ್‌ನಲ್ಲಿ ಪಿಪ್ ಡೌನ್‌ಲೋಡ್ ಆದೇಶದಿಂದ ಎಲ್ಲ ವ್ಹೀಲ್‌ಗಳನ್ನೂ ಒಂದು ಫೋಲ್ಡರ್‌ಗೆ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತೇನೆ. ಮನೆಯಲ್ಲಿ ನೋ-ಇಂಡೆಕ್ಸ್ ಮತ್ತು ಫೈಂಡ್-ಲಿಂಕ್ಸ್ ಆಯ್ಕೆಗಳ ಜೊತೆ ಇನ್‌ಸ್ಟಾಲ್ ಮಾಡಿದರೆ ಇಂಟರ್‌ನೆಟ್ ಬೇಕಾಗುವುದಿಲ್ಲ. ಎರಡೂ ಯಂತ್ರಗಳ ಪೈಥಾನ್ ಆವೃತ್ತಿ ಒಂದೇ ಆಗಿರಬೇಕು, ಲ್ಯಾಬ್‌ನಲ್ಲಿ ಇಳಿಸುವುದೂ ಉಬುಂಟುವಿನಿಂದಲೇ ಆಗಬೇಕು. ಇಲ್ಲವಾದರೆ ವ್ಹೀಲ್ ಹೊಂದುವುದಿಲ್ಲ.

ಇಂಪೋರ್ಟ್ ದೋಷವಿಲ್ಲದೆ ನಡೆದ ಮಾತ್ರಕ್ಕೆ ಎಲ್ಲ ಸರಿಯಾಗಿದೆ ಎಂದು ನಾನು ಒಪ್ಪುವುದಿಲ್ಲ. 1 ಮೀಟರ್ ತ್ರಿಜ್ಯದ ವೃತ್ತಾಕಾರದ ಕಾಯಿಲ್ ಬರೆದು, 1 ಲಕ್ಷ ಆಂಪಿಯರ್ ಕೊಟ್ಟು, ಕೇಂದ್ರದಲ್ಲಿ ಕ್ಷೇತ್ರ ಎಷ್ಟೆಂದು ಕೇಳಿ. ಕಾಗದದ ಮೇಲೆ ಅದು ಸುಮಾರು 0.0628 ಟೆಸ್ಲಾ, ತಂತ್ರಾಂಶವೂ ಅಷ್ಟೇ ಹೇಳಬೇಕು. ಹೇಳಿದರೆ ಆಗಲೇ ಪಿಪ್ ಫ್ರೀಜ್ ಮಾಡಿ, ಅದು ಕೊಡುವ ಪ್ಯಾಕೇಜ್ ಆವೃತ್ತಿಗಳ ಪಟ್ಟಿಯನ್ನು ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಉಳಿಸಿ, ಬಳಿಕ ಕಾಯಿಲ್ ಆಪ್ಟಿಮೈಸೇಶನ್‌ನ ಉದಾಹರಣೆಗಳಲ್ಲಿ ಅತಿ ಚಿಕ್ಕದನ್ನು ಮೊದಲು ಓಡಿಸಿ.